ದೇವಿಯ ಮೂಗಿನ ವಿಷಯ

ಶಿಯನ್‌ಯೂ, ತವರುಮನೆ
೧೯೮೬, ಮೂರನೆಯ ತಿಂಗಳ ಐದನೆಯ ದಿನ

ಮಹಾಶಿಲ್ಪಿ ಹುವಾಂಗ್ ಬೋಚಿಂಗ್ ಅವರಿಗೆ, ಅವರ ಹೆಂಡತಿ ರುಯ್‌ಲಾನ್ ಮಾಡುವ ನಮಸ್ಕಾರ.

ಇಲ್ಲಿ ಎಲ್ಲರೂ ಕ್ಷೇಮ. ಅಲ್ಲಿ ದೇವಿಯ ಮೂಗೊಂದು ಬಿಟ್ಟು ಮಿಕ್ಕವರೆಲ್ಲ ಕ್ಷೇಮವೆಂದು ನಿಮ್ಮ ಪತ್ರದಿಂದ ತಿಳಿಯಿತು.

ಎಂಥ ಪತ್ರ ಬರೆದಿದ್ದೀರಿ, ಮಹಾರಾಯರೇ! ಹಾಳೆ ತುಂಬ ಗಾದೆಗಳು. ಉಳಿ, ಮರ, ಕಲ್ಲು ಎಂದು ನಮ್ಮ ಹಿರಿಯರು ಆಡಿಟ್ಟ ಮಾತುಗಳಲ್ಲಿ ಒಂದನ್ನೂ ನೀವು ಬಿಟ್ಟಿಲ್ಲ. ಅವುಗಳ ಸಂದಿಯಲ್ಲಿ ಎಲ್ಲೋ ನಿಜವಾದ ವಿಷಯ ಅವಿತು ಕೂತಿದೆ: ಊರಿನ ದೇವಸ್ಥಾನಕ್ಕೆಂದು ಕೆತ್ತುತ್ತಿರುವ ಮಾಜು ದೇವಿಯ ಮೂಗು ‘ಸ್ವಲ್ಪ’ ಸಣ್ಣದಾಗಿದೆ, ದೇವಿಯ ಹುಟ್ಟುಹಬ್ಬ ಹತ್ತಿರ ಬಂತು, ನೀನು ಬಂದು ಸರಿಮಾಡು. ಸ್ವಲ್ಪವಂತೆ! ಅಮ್ಮನಿಗೆ ಓದಿ ಹೇಳಿದೆ. ಅವಳು ಲೋಕಾಟ್ ಹಣ್ಣು ಸುಲಿಯುತ್ತಿದ್ದಳು. ಸಿಪ್ಪೆ ಕೈಯಲ್ಲೇ ಉಳಿಯಿತು. “ಅಯ್ಯೋ ಅವನ ಕೈಗಿಷ್ಟು ಬೆಂಕಿ ಹಾಕ! ಕಡಲ ತಾಯಿ ಮೂಗನ್ನೇ ಕುಯ್ದನೇನೇ?” ಎಂದಳು.

ಅಪ್ಪ ತನ್ನ ಶಿಷ್ಯರ ಕೈಗೆ ಕೊಡತಿ ಕೊಡುವ ಮೊದಲೇ ಹೇಳುತ್ತಿದ್ದ ಮಾತು ನಿಮಗೆ ನೆನಪಿಲ್ಲವೇ? ಮೂಗನ್ನು ದೊಡ್ಡದಾಗಿ ಬಿಡು, ಕಣ್ಣನ್ನು ಸಣ್ಣದಾಗಿ ಬಿಡು. ದೊಡ್ಡ ಮೂಗನ್ನು ಯಾವಾಗ ಬೇಕಾದರೂ ಸಣ್ಣದು ಮಾಡಬಹುದು, ಸಣ್ಣದಾದ ಮೂಗಿಗೆ ಮರ ಎಲ್ಲಿಂದ ತರುತ್ತೀಯ? ಈ ಮಾತನ್ನು ನೀವು ಅಪ್ಪನ ಎದುರು ಕೂತು ಕೇಳಿದಿರಿ, ನಾನು ಬಾಗಿಲ ಆಚೆ ಉಳಿ ಮಸೆಯುತ್ತ ಕೇಳಿದೆ. ವಿದ್ಯೆ ಅಳಿಯನಿಗೆ, ಸಾಣೆಕಲ್ಲು ಮಗಳಿಗೆ. ನಮ್ಮ ಮನೆಯ ಕಾನೂನು ಅದು. ಆದರೂ ಮದುವೆಯಾದ ಮೇಲೆ ನಿಮ್ಮ ಹೆಸರಿನಲ್ಲಿ ಹೊರಗೆ ಹೋದ ಒಂದೊಂದು ದೇವರ ಮುಖವನ್ನೂ ಕೆತ್ತಿದವಳು ನಾನು. ಹಿಂದಿನ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು, ಯಾರಾದರೂ ಬಂದರೆ ಉಳಿ ಬಚ್ಚಿಟ್ಟು ಸೊಪ್ಪು ಸೋಸುತ್ತ ಕೂತು.

ಆ ದಿನ ದೇವಿಯ ಮೂಗನ್ನು ನಾನು ದಪ್ಪವಾಗಿ ಬಿಟ್ಟಿದ್ದು ಬೇಕೆಂದೇ. ಕರ್ಪೂರದ ಮರ ಇನ್ನೂ ಹಸಿ ಇತ್ತು, ಚಳಿಗಾಲ ಕಳೆದು ಒಣಗಲಿ ಎಂದು ಬಿಟ್ಟಿದ್ದೆ. ಅಷ್ಟರಲ್ಲಿ ನಡುಚಳಿಯ ಅಕ್ಕಿಯುಂಡೆ ಹಬ್ಬ ಬಂತು, ದೇವಸ್ಥಾನದ ಹಿರಿಯ ಗುವೊ ಅಜ್ಜ ನಾಲ್ಕು ಜನರ ಜೊತೆ ಊಟಕ್ಕೆ ಬಂದ. ಅರೆಬರೆ ಮುಖವನ್ನೇ ನೋಡಿ ಅಜ್ಜನ ಕಣ್ಣು ಒದ್ದೆಯಾಯಿತು. “ಯಾರ ಕೈಯಪ್ಪಾ ಇದು?” ಎಂದು ಕೇಳಿದ. ನಾನು ಉಂಡೆ ಬಡಿಸುವ ಸೌಟು ಹಿಡಿದು ಅಲ್ಲೇ ನಿಂತಿದ್ದೆ. “ನಂದೇ ಕೈ ಅಜ್ಜಾ, ಮನೆಯವಳು ಉಳಿ ಮಸೆದು ಕೊಡ್ತಾಳೆ ಅಷ್ಟೆ,” ಎಂದಿರಿ.

ಅದನ್ನೂ ನುಂಗಿಕೊಂಡೆ. ಎಷ್ಟೋ ವರ್ಷದಿಂದ ನುಂಗಿ ಅಭ್ಯಾಸವಾಗಿತ್ತು. ಆದರೆ ಅವರಲ್ಲಿ ಒಬ್ಬ, ಮೂಗು ಇಷ್ಟು ದಪ್ಪ ಯಾಕೆ ಎಂದ. ಮರ ಆರಲಿ ಅಣ್ಣಾ ಎಂದು ನಾನು ಬಾಯಿಬಿಟ್ಟೆ. ಆಗ ನೀವು ನಕ್ಕಿರಿ. “ಇವಳಿಗೂ ಹುಳುಹುಪ್ಪಟೆ ಕೆತ್ತೋ ಸಣ್ಣ ವಿದ್ಯೆ ಬರುತ್ತೆ ನೋಡಿ! ಹೋಗು ಹೋಗು, ಒಲೆ ಮೇಲೆ ಏನಿದೆ ನೋಡು,” ಎಂದಿರಿ. ಎಲ್ಲರೂ ನಕ್ಕರು. ಸೌಟನ್ನು ಮೇಜಿನ ಮೇಲಿಟ್ಟು ನಾನು ಆ ಸಂಜೆಯ ಬಸ್ಸಿಗೇ ಹೊರಟು ಬಂದೆ. ಒಲೆಯ ಮೇಲೆ ಏನಿತ್ತೋ ನನಗೆ ಇವತ್ತಿಗೂ ನೆನಪಿಲ್ಲ.

ಈಗ ನಿಮ್ಮ ಗಾದೆಗಳಿಗೆ ಬರೋಣ. ಅಷ್ಟು ಕಷ್ಟಪಟ್ಟು ಬರೆದಿದ್ದೀರಿ, ಉತ್ತರ ಕೊಡದಿದ್ದರೆ ಹೇಗೆ?

ಲಡ್ಡು ಹಿಡಿದು ಕೊಳೆತ ಮರದಲ್ಲಿ ಶಿಲ್ಪ ಏಳುವುದಿಲ್ಲ ಎಂದು ನನ್ನ ಹಟದ ಬಗ್ಗೆ ಬರೆದಿದ್ದೀರಿ. ಈ ಮಾತು ನಮ್ಮ ಅಂಗಳದಲ್ಲಿ ಮೊದಲು ಬಿದ್ದದ್ದು ಯಾರ ತಲೆಯ ಮೇಲೆ? ಅಪ್ಪ ಇದನ್ನು ನಿಮಗೇ ಹೇಳಿದ್ದ, ಎಲ್ಲ ಶಿಷ್ಯರ ಎದುರು. ಚಕ್ಕೆಯ ರಾಶಿಯ ಹಿಂದೆ ಕೂತು ನೀವು ಅಳುತ್ತಿದ್ದಾಗ ಬೇಯಿಸಿದ ಗೆಣಸು ತಂದುಕೊಟ್ಟವಳು ನಾನು. ಲಡ್ಡು ಅಲ್ಲ, ಗಂಟು ಇರೋ ಮರ, ಗಂಟು ನೋಡ್ಕೊಂಡು ಕೆತ್ತಿದರಾಯ್ತು ಎಂದಿದ್ದೆ. ಆ ಮಾತಿಗೇ ನೀವು ನನ್ನನ್ನು ಮೆಚ್ಚಿದ್ದು ಎಂದು ಮದುವೆಯಾದ ಹೊಸತರಲ್ಲಿ ಹೇಳುತ್ತಿದ್ದಿರಿ.

ಕಡೆಯದೆ ಪಚ್ಚೆಕಲ್ಲು ಪಾತ್ರೆಯಾಗದಂತೆ, ನನ್ನ ಬೈಗುಳದಿಂದಲೇ ನೀನು ತಿದ್ದಿಕೊಂಡೆ ಎಂದಿದ್ದೀರಿ. ಆಹಾ! ಬೈದರೆ ಕೈ ಪಳಗುವುದಾದರೆ ಅಪ್ಪನ ಬೈಗುಳ ತಿಂದ ನೀವು ಈಗ ರಾಜಧಾನಿಯಲ್ಲಿ ಇರಬೇಕಾಗಿತ್ತು. ನನ್ನ ಕೈ ಪಳಗಿದ್ದು ಕೆಲಸದಿಂದ. ಎಷ್ಟು ಸಲ ಉಳಿ ನನ್ನ ಹೆಬ್ಬೆರಳು ಸೀಳಿದೆಯೆಂದು ನಿಮಗೆ ಗೊತ್ತು, ಅರಿಸಿನ ಒತ್ತಿ ಬಟ್ಟೆ ಕಟ್ಟಿದವರು ನೀವೇ.

ಸಾಗುತ್ತಿರುವ ದೋಣಿಯ ಅಂಚಿಗೆ ಗುರುತು ಕೆತ್ತಿ ನೀರಿಗೆ ಬಿದ್ದ ಕತ್ತಿಯನ್ನು ಹುಡುಕಿದವನ ಕಥೆಯನ್ನು ನನಗೆ ಬುದ್ಧಿ ಹೇಳಲು ಬರೆದಿದ್ದೀರಿ, ಹಳೆಯದನ್ನೇ ಹಿಡಿದು ಕೂರಬೇಡ ಎಂದು. ಸ್ವಾಮೀ, ದೋಣಿ ಮುಂದೆ ಹೋಗಿ ತಿಂಗಳುಗಳಾದವು. ಹಿಂದಿನ ಕೋಣೆಯ ಬಾಗಿಲಲ್ಲಿ ಗುರುತು ಹಾಕಿಕೊಂಡು ರುಯ್‌ಲಾನ್ ಇಲ್ಲೇ ಬಿದ್ದಳು, ಇಲ್ಲೇ ಸಿಗುತ್ತಾಳೆ ಎಂದು ತಡಕುತ್ತಿರುವವರು ಯಾರು?

ಕೊನೆಗೆ ಬರೆದಿದ್ದೀರಿ, ನೀನು ನನ್ನ ಮೂಳೆಯಲ್ಲಿ ಕೆತ್ತಿರುವವಳು, ಎದೆಯಲ್ಲಿ ಕಂಡರಿಸಿರುವವಳು ಎಂದು. ಇದನ್ನು ಓದಿ ಅತ್ತೆ. ಸುಳ್ಳೇಕೆ ಹೇಳಲಿ, ಅಮ್ಮ ನೋಡದಿರಲಿ ಎಂದು ಬಾವಿಯ ಹತ್ತಿರ ಹೋಗಿ ಅತ್ತೆ. ನನಗೂ ನಿಮ್ಮ ಮೇಲೆ ಪ್ರೀತಿ ಇಲ್ಲದೆ ಇಲ್ಲ. ಆದರೆ ನಿಮ್ಮ ಮೂಳೆಯಲ್ಲಿ ಕೆತ್ತಿದ್ದು ನಾಲ್ಕು ಜನಕ್ಕೆ ಕಾಣುವುದಿಲ್ಲವಲ್ಲ! ಗುವೊ ಅಜ್ಜ ಕೇಳಿದಾಗ ನಾಲಿಗೆಯ ತುದಿಗೆ ಬರಬೇಕಿತ್ತು ಅದು.

ಅಮ್ಮ ಮಾತ್ರ ಹೋಗು ಎನ್ನುತ್ತಾಳೆ. “ಗಂಡ ಸೋತು ಕರೆದಾಗ ಹೋಗ್ಬೇಕು ಕಣೇ. ಅವನ ಮೇಲಿನ ಸಿಟ್ಟಿಗೆ ನಿನ್ನ ಮೂಗು ಯಾಕೆ ಕುಯ್ಕೊಳ್ತೀಯ?” ಎಂದಳು. “ಕುಯ್ಕೊಂಡಿರೋದು ಅವರು, ನನ್ನ ಮೂಗು ಗಟ್ಟಿಯಾಗೇ ಇದೆ,” ಎಂದೆ. “ಬಾಯಿ ನೋಡು, ಅಪ್ಪಂದೇ ಬಾಯಿ!” ಎಂದು ಗೊಣಗಿ ಎದ್ದುಹೋದಳು. ಬಾಯಿ ಕೊಟ್ಟವನು ಕೈಯನ್ನೂ ಕೊಟ್ಟ. ಕೈಯ ಮಾತು ಬಂದಾಗ ಮಾತ್ರ ಎಲ್ಲರಿಗೂ ಮರೆವು.

ಸರಿ, ದೇವಿಯದು ಏನು ತಪ್ಪು? ಕಡಲಿಗೆ ಹೋಗುವ ಗಂಡಸರು ಅವಳ ಮುಖ ನೋಡಿ ದೋಣಿ ಬಿಡುತ್ತಾರೆ. ಕ್ರಾಂತಿಯ ಹುಡುಗರು ಮಂದಿರ ಒಡೆದಿದ್ದ ಕಾಲದಲ್ಲಿ ನೋಡಲು ಮುಖವೇ ಇಲ್ಲದೆ ಹೋದವರು ಅವರು. ಅವರಿಗೆ ಚಪ್ಪಟೆ ಮೂಗಿನ ತಾಯಿಯನ್ನು ಕೊಡುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಮೂಗಿಗೆ ಮರ ಅಂಟಿಸುವ ಕೆಲಸ ಮಾತ್ರ ಮಾಡಬೇಡಿ, ಅಂಟು ಹಾಕಿದ ದೇವರನ್ನು ನಮ್ಮ ಮನೆತನ ಯಾವತ್ತೂ ಹೊರಗೆ ಕಳಿಸಿಲ್ಲ. ಕೆನ್ನೆ, ಹಣೆ, ತುಟಿ, ಗಲ್ಲ ಎಲ್ಲವನ್ನೂ ಒಂದೇ ಹದದಲ್ಲಿ ಒಳಕ್ಕೆ ಇಳಿಸಬೇಕು, ಆಗ ಮೂಗು ತಾನಾಗಿ ಏಳುತ್ತದೆ. ತಲೆಯನ್ನು ನಾನು ದಪ್ಪವಾಗಿಯೇ ಬಿಟ್ಟಿದ್ದೇನೆ, ಮರ ಸಾಲುತ್ತದೆ. ಆದರೆ ಒಂದು ಏಟು ಹೆಚ್ಚಾದರೆ ಕಣ್ಣಿಗೆ ಜಾಗ ಇರುವುದಿಲ್ಲ. ಆ ಏಟು ನಿಮ್ಮಿಂದ ಆಗದು. ಹಂಗಿಸಲು ಹೇಳುತ್ತಿಲ್ಲ, ನಿಮಗೂ ಗೊತ್ತು.

ಆದ್ದರಿಂದ ಬರುತ್ತೇನೆ, ಹಿಂದಿನ ಕೋಣೆಗೆ ಮಾತ್ರ ಬರುವುದಿಲ್ಲ. ದೇವಸ್ಥಾನದ ಅಂಗಳದಲ್ಲಿ, ಹಗಲು ಬೆಳಕಿನಲ್ಲಿ, ಊರಿನ ಹೆಂಗಸರು ಮಕ್ಕಳು ಸುತ್ತ ನಿಂತು ನೋಡುವಾಗ ಕೆತ್ತುತ್ತೇನೆ. ಈ ಮುಖ ಮೊದಲಿಂದಲೂ ನನ್ನ ಹೆಂಡತಿಯ ಕೈಯದು ಎಂದು ಗುವೊ ಅಜ್ಜನ ಎದುರು ನೀವು ಬಾಯಿಬಿಟ್ಟು ಹೇಳಬೇಕು. ಒಪ್ಪಿಗೆಯಿದ್ದರೆ ಒಂದು ಸಾಲು ಬರೆಯಿರಿ, ಗಾದೆ ಬೇಡ. ಒಪ್ಪಿಗೆಯಿಲ್ಲವೆಂದರೆ ಹುಟ್ಟುಹಬ್ಬದ ದಿನ ಮುಖದ ಮೇಲಿನ ಕೆಂಪು ಬಟ್ಟೆ ಎತ್ತುವವರು ನೀವೇ, ಜನ ನಕ್ಕರೆ ನಗಿಸಿಕೊಳ್ಳುವವರೂ ನೀವೇ. ಹೆಂಡತಿಯಾಗಿ ಮನೆಗೆ ಬರುವ ವಿಚಾರ ಬೇರೆ, ಅದನ್ನು ಕೆಲಸ ಮುಗಿದ ಮೇಲೆ ಮಾತಾಡೋಣ.

ಇಂತು,
ಫಾಂಗ್ ಕುಲದ ಮರಗೆತ್ತನೆಗಾರ್ತಿ
ಫಾಂಗ್ ರುಯ್‌ಲಾನ್

ಮರೆತ ಮಾತು: ಮೇಲಿನದನ್ನು ಬರೆದು ಅಂಚೆಗೆ ಹಾಕಲು ಹೊರಟವಳಿಗೆ ದಾರಿಯಲ್ಲಿ ನಗು ಬಂತು. ಕೈ ನನ್ನದು, ಒಪ್ಪಿಗೆ ಯಾರದು? ಬಸ್ಸು ಹತ್ತಿ ನೇರ ಇಲ್ಲಿಗೇ ಬಂದೆ. ಈಗ ದೇವಸ್ಥಾನದ ಅಂಗಳದಲ್ಲಿ ಕೂತು ಈ ಸಾಲು ಬರೆಯುತ್ತಿದ್ದೇನೆ. ಪತ್ರ ತಂದವರ ಹತ್ತಿರ ಹೊರುವ ಅಡ್ಡೆಯೂ ಹಗ್ಗವೂ ಇವೆ, ದೇವಿಯನ್ನು ಅವರ ಕೈಗೆ ಜೋಪಾನವಾಗಿ ಒಪ್ಪಿಸಿ. ನೀವು ಹೇಳಬೇಕಾಗಿದ್ದನ್ನು ನಾನೇ ಗುವೊ ಅಜ್ಜನಿಗೆ ಹೇಳಿಬಿಟ್ಟೆ. ಆತ ಬೆಚ್ಚಲೂ ಇಲ್ಲ! “ನಮಗೆ ಮುಂಚೇನೇ ಗೊತ್ತಿತ್ತು ಕಣಮ್ಮಾ. ನೀನೇ ಬಾಯಿಬಿಡ್ಲಿ ಅಂತ ಸುಮ್ನಿದ್ವಿ,” ಎಂದ. ಗೊತ್ತಿದ್ದೂ ಆ ದಿನ ನಕ್ಕಿರಲ್ಲ, ನಾಚಿಕೆ ಆಗಲಿಲ್ವಾ ಎಂದು ಅಷ್ಟು ದೊಡ್ಡವನಿಗೂ ಬೈದೆ. ತಲೆ ತಗ್ಗಿಸಿದ. ಆಮೇಲೆ, ಹಾಗಾದರೆ ಗೋಡೆಯ ಮೇಲೆ ಪೂರ್ತಿ ವಿಗ್ರಹ ನಿನ್ನದೇ ಎಂದು ಬರೆಸಲೇ ಎಂದು ಕೇಳಿದ. ಬೇಡ ಎಂದೆ. ಮುಖ ನನ್ನದು, ನಿಲುವಂಗಿಯ ನೆರಿಗೆಗಳು ನನ್ನ ಗಂಡನವು, ಈ ಕಡಲ ದಂಡೆಯಲ್ಲಿ ಹಾಗೆ ನೆರಿಗೆ ತೆಗೆಯುವವರು ಇನ್ನೊಬ್ಬರಿಲ್ಲ, ಎರಡೂ ಹೆಸರು ಬರೆಸಿ ಎಂದೆ.