ತೊಟ್ಟಿಲ ಹಗ್ಗಕ್ಕೆ ಕಟ್ಟಿದ ಚೀಟಿ

ಗದಗ, ಫೆಬ್ರವರಿ 30, 2231

ಇನ್ನೂರು ವರ್ಷ ಹಿಂದಿನ ಸಂಶೋಧಕರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ, ನಮ್ಮಲ್ಲಿದೆ. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಸಿಟ್ಟಿಗೆ ಮಾತ್ರ ನಾನು ಕ್ಷಮೆ ಕೇಳುವುದಿಲ್ಲ.

ಇಲ್ಲಿ ಮಗುವಿಗೆ ಹೆಸರಿಡುವ ದಿನ ತುದಿನೋಟ ನಡೆಯುತ್ತದೆ. ವರ್ಣತಂತುಗಳ ಕೊನೆಗೆ ಕುಲಾವಿಯಂತೆ ಕುಳಿತು, ವಯಸ್ಸಾದಂತೆ ಸವೆಯುವ ಭಾಗವನ್ನು ನೀವು ಟೆಲೊಮಿಯರ್ ಎನ್ನುತ್ತಿದ್ದಿರಿ. ನಾವು ತುದಿ ಎನ್ನುತ್ತೇವೆ. ಸೋದರತ್ತೆ ಮಗುವಿನ ಕಿವಿಯಲ್ಲಿ ಹೆಸರು ಹೇಳುವುದಕ್ಕೂ ಮೊದಲು ಅಳತೆಗಾರ್ತಿ ಅದರ ಕೆನ್ನೆಯೊಳಗೆ ಹತ್ತಿ ಒರೆಸುತ್ತಾಳೆ. ತುದಿಯ ಉದ್ದಕ್ಕೆ ಸಂಬಂಧಿಸಿದ ವಂಶವಾಹಿಗಳನ್ನು ಓದಿ, ಚೀಟಿ ಬರೆದು ತೊಟ್ಟಿಲ ಹಗ್ಗಕ್ಕೆ ಕಟ್ಟುತ್ತಾಳೆ. ಬಂದವರು ಮಗುವಿನ ಮುಖಕ್ಕಿಂತ ಮುಂಚೆ ಚೀಟಿ ನೋಡುತ್ತಾರೆ. ಉದ್ದ ತುದಿಯ ನೀಳಚೀಟಿಯಾದರೆ ಮನೆಯವರು ಪೇಡೆ ಹಂಚುತ್ತಾರೆ, ಗಿಡ್ಡಚೀಟಿಯಾದರೆ ಬಂದವರು ಉಂಡು ಬೇಗ ಎದ್ದುಹೋಗುತ್ತಾರೆ. ಆರು ವರ್ಷ ತುಂಬಿದ ಮೇಲೆ ನೀಳಚೀಟಿಯವರು ಓದುಸಾಲಿಗೆ, ಗಿಡ್ಡಚೀಟಿಯವರು ಕೈಸಾಲಿಗೆ. ಕೈಸಾಲಿನಲ್ಲಿ ಬುಟ್ಟಿ ಹೆಣೆಯುವುದು, ನೆಲ ಒರೆಸುವುದು ಎಲ್ಲ ಕಲಿಸುತ್ತಾರೆ, ಅಕ್ಷರ ಕಲಿಸುವುದಿಲ್ಲ. ಮೂವತ್ತೊಂದು ವರ್ಷ ಈ ಊರಿನಲ್ಲಿ ಆ ಚೀಟಿ ಬರೆದವಳು ನಾನೇ, ನೀಲಗಂಗಾ.

ಇದು ಶುರುವಾದದ್ದು ನಿಮ್ಮಿಂದ. ತುದಿಯ ಉದ್ದಕ್ಕೂ ಮೆದುಳಿನ ಹೊರಪದರದ ರಚನೆಗೂ ವಂಶವಾಹಿಗಳಲ್ಲಿ ನಂಟಿದೆ ಎಂದು ನೀವು ಕಂಡುಕೊಂಡಿರಿ. ಸುಳ್ಳಲ್ಲ. ಆದರೆ ಅದು ಸಾವಿರ ಸಾವಿರ ಜನರನ್ನು ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ ಕಾಣುವ, ಕೂದಲೆಳೆಯಷ್ಟು ನಂಟು. ಒಂದು ಮಗುವಿನ ಬುದ್ಧಿಯನ್ನು ಅದು ಹೇಳಲಾರದು. ಈ ಮಾತನ್ನು ಪ್ರಬಂಧದ ಕೊನೆಯಲ್ಲಿ, ಯಾರೂ ಓದದ ಮೂಲೆಯಲ್ಲಿ ಬರೆದು ಕೈತೊಳೆದುಕೊಂಡಿರಿ. ನಮ್ಮ ಹಿರಿಯರು ಮೊದಲ ಪುಟ ಓದಿ ಶಾಲೆ ಕಟ್ಟಿಬಿಟ್ಟರು. ಅದನ್ನು ಮೊದಲ ಸಾಲಿನಲ್ಲಿ ದಪ್ಪಕ್ಷರದಲ್ಲಿ ಬರೆಯಲು ನಿಮಗೇನು ಧಾಡಿಯಾಗಿತ್ತು?

ನನ್ನ ಮೊಮ್ಮಗಳು ಶಿವಲೀಲಾಳಿಗೆ ಈಗ ಆರು ವರ್ಷ. ಮನೆಯಲ್ಲೇ ಅಕ್ಷರ ಕಲಿತು, ದಾರಿಯಲ್ಲಿ ಒಂದು ಬೋರ್ಡನ್ನೂ ಬಿಡದೆ ಓದುತ್ತಾಳೆ. ಅವಳದು ಗಿಡ್ಡಚೀಟಿ. ಅದನ್ನು ಬರೆದವಳೂ ನಾನೇ. ಸೋಮವಾರ ಅವಳು ಕೈಸಾಲಿಗೆ ಹೋಗಬೇಕಿತ್ತು. ಶನಿವಾರ ಜಗಳಕ್ಕೆಂದೇ ಶಾಲೆಯ ಅಧಿಕಾರಿ ಚೆನ್ನಬಸುವಿನ ಹತ್ತಿರ ಹೋದೆ. ಅವನು ಎದ್ದು ಬಾಗಿಲು ಮುಚ್ಚಿ ಬಂದ.

"ಅಕ್ಕಾರ, ಅದಕ್ಯಾಕ ಇಷ್ಟು ಸಿಟ್ಟು ಮಾಡ್ಕೋತೀರಿ? ನಿಮ್ಮ ಮೊಮ್ಮಗಳು ಅಂದ್ರ ನಮ್ಮ ಮನಿ ಹುಡುಗಿ ಇದ್ದಂಗ. ಬರ್ರಿ, ಚೀಟಿ ತಿದ್ದಿಬಿಡೂಣು. ನೀವೇ ಬರದದ್ದು, ಕೇಳವ್ರು ಯಾರದಾರ?"

ಮೈಯೆಲ್ಲ ಉರಿದುಹೋಯಿತು. ಒಂದು ನಿಮಿಷದಲ್ಲಿ ತಿದ್ದಬಹುದಾದ ಕಾಗದವನ್ನು ನಂಬಿ ಎಷ್ಟು ಮಕ್ಕಳ ಕಣ್ಣು ಕಟ್ಟಿದ್ದೆ ನಾನು! ಅವನ ಮುಖದ ಮೇಲೆ ಚೀಟಿ ಎಸೆದು, ಎಲ್ಲರದನ್ನೂ ತಿದ್ದು ಎಂದು ಕೂಗಬೇಕಿತ್ತು. ಕೂಗಲಿಲ್ಲ. ಲೇಖನಿ ತೆಗೆದುಕೊಂಡು ತಿದ್ದಿದೆ.

ಸೋಮವಾರ ಶಿವಲೀಲಾ ಓದುಸಾಲಿನಲ್ಲಿ ಕುಳಿತಳು. ಪಕ್ಕದ ಮನೆಯ ಕಾಶೀಬಾಯಿಯ ಮಗ ಕೈಸಾಲಿಗೆ ಹೋದ. ಅವನಿಗೂ ಬೋರ್ಡು ಓದಲು ಬರುತ್ತಿತ್ತು. ಇಬ್ಬರೂ ಕೂಡಿಯೇ ಕಲಿತಿದ್ದರು. ನನ್ನನ್ನು ಕಂಡು ಕಾಶೀಬಾಯಿ ಬಾಗಿಲು ಹಾಕಿಕೊಂಡಳು.

ಆದ್ದರಿಂದ ಮುಂದಿನವರು ಸರಿಯಾಗಿ ಅರ್ಥಮಾಡಿಕೊಳ್ಳುತ್ತಾರೆ, ಒಳ್ಳೆಯವರಿರುತ್ತಾರೆ ಎಂದು ನಂಬಿ ಏನನ್ನೂ ಬರೆಯಬೇಡಿ. ಮುಂದಿನವರೆಂದರೆ ನಾನು.