ಉಗುರಿನ ಅರಿಶಿನ

ಬೈಲಹೊಂಗಲ
21 ಆಗಸ್ಟ್ 2024, ಬುಧವಾರ

ಚಿರಂಜೀವಿ ತಮ್ಮ ಶ್ರೀಶೈಲನಿಗೆ,

ನಿನ್ನ ಅಕ್ಕ ದೇವಕ್ಕನ ಆಶೀರ್ವಾದಗಳು. ನಾಗರತ್ನಾಳಿಗೂ ಹೇಳು. ಇಲ್ಲಿ ನಾವಿಬ್ಬರೂ ಉಂಡುಟ್ಟುಕೊಂಡು ಇದ್ದೇವೆ, ಅದನ್ನೇ ಕ್ಷೇಮ ಅಂತ ತಿಳಿದುಕೋ.

ನಿನ್ನ ಪತ್ರ ಬಂದು ಇಪ್ಪತ್ತಾರು ದಿನವಾಯಿತು. ಉತ್ತರ ಬರೆಯಲಿಲ್ಲ ಎಂದು ಸಿಟ್ಟಾಗಿರುತ್ತೀ. ಆಗು. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಯಾರದೋ ಬ್ಲೌಸಿನ ನೆಪ ಮಾಡಿಕೊಂಡು ಮಷೀನಿನ ಮುಂದೆ ಹೋಗಿ ಕೂತೆ. ಕಿತ್ತೂರೇನು ಕಾಶಿಯೇ, ಬಸ್ಸು ಹತ್ತಿದರೆ ಒಂದು ತಾಸಿನ ದಾರಿ. ಫೋನೂ ಇದೆ. ಆದರೆ ಫೋನಿನಲ್ಲಿ ನೀನು "ಅಕ್ಕಾ, ಊಟ ಆತೇನು" ಅನ್ನುತ್ತೀ, ನಾನು "ಆತು, ನಿಂದು?" ಅನ್ನುತ್ತೇನೆ, ಆಮೇಲೆ ಇಬ್ಬರಿಗೂ ಮಾತು ಸಿಗುವುದಿಲ್ಲ. ಕಾಗದವೇ ವಾಸಿ.

ನೀನು ಕೇಳಿದ್ದು ಒಂದೇ ಪ್ರಶ್ನೆ. ನಿನ್ನ ಕಾದಂಬರಿ "ಕೋಟೆಯ ಕೆಳಗಿನ ಮನೆ" ಎರಡನೆಯ ಸಲ ಅಚ್ಚಾಗುತ್ತದೆ, ಪ್ರಕಾಶಕರು ಕೊನೆಯನ್ನು ಬದಲಿಸಿ ಕೊಡಿ ಎನ್ನುತ್ತಾರೆ, ಕೊಲೆ ಮಾಡಿದವನು ಸಿಕ್ಕಿಬೀಳಬೇಕಂತೆ, ಇಲ್ಲದಿದ್ದರೆ ಓದುಗರು ಪುಸ್ತಕ ಬಿಸಾಡುತ್ತಾರಂತೆ. "ಅಕ್ಕಾ, ನೀ ಹೂಂ ಅಂದ್ರ ಬದಲಸತೇನಿ, ಬ್ಯಾಡ ಅಂದ್ರ ಬಿಡತೇನಿ" ಎಂದು ಬರೆದಿದ್ದೀ. ಭಲೇ ತಮ್ಮ! ಮೂವತ್ತು ವರ್ಷ ಪೊಲೀಸ್ ಖಾತೆಯಲ್ಲಿ ಮಂದಿಯ ಬೆರಳಚ್ಚು ನೋಡಿದವನು ನೀನು, ತೀರ್ಪು ಕೊಡಲು ನಾನು ಬೇಕಾದೆನೇ? ಇರಲಿ. ನಾನೊಬ್ಬಳೇ ಹೇಳುವುದು ಬೇಡ, ಓದಿದವರು ಏನನ್ನುತ್ತಾರೆ ಕೇಳೋಣ ಎಂದು ಹೋದ ರವಿವಾರ ಇಲ್ಲಿನ ಲೈಬ್ರರಿಗೆ ಹೋಗಿದ್ದೆ.

ಅಲ್ಲಿ ತಿಂಗಳಿಗೊಮ್ಮೆ ಹತ್ತು ಹನ್ನೆರಡು ಜನ ಕೂಡಿ ಒಂದು ಪುಸ್ತಕದ ಬಗ್ಗೆ ಮಾತಾಡುತ್ತಾರೆ. ಕಾಲೇಜಿನಲ್ಲಿ ಕಲಿಸುವ ರಂಜನಾ ಎಂಬವಳು ನಡೆಸುತ್ತಾಳೆ, ನನ್ನ ಹತ್ತಿರವೇ ಬ್ಲೌಸು ಹೊಲಿಸುವವಳು. ಈ ಸಲ ನಿನ್ನ ಪುಸ್ತಕ. ನೀನು ಬೇರೆ ಹೆಸರಿನಲ್ಲಿ ಬರೆದಿದ್ದರಿಂದ ನೀನು ನನ್ನ ತಮ್ಮನೆಂದು ಯಾರಿಗೂ ಗೊತ್ತಿಲ್ಲ. ನಾವು ದೊಡವಾಡ ಬಿಟ್ಟು ಇಲ್ಲಿಗೆ ಬಂದು ನಾಲ್ಕು ವರ್ಷ. ಇಲ್ಲಿ ನಾನು ಟೇಲರ್ ದೇವಕ್ಕ ಅಷ್ಟೆ. ನನಗೊಬ್ಬ ಮಗಳಿದ್ದಳೆಂಬುದೂ ಇವರಿಗೆ ಗೊತ್ತಿಲ್ಲ.

ರಂಜನಾ ಮೊದಲು ಕಥೆ ಹೇಳಿದಳು. ಬೇರೆಯವರ ಬಾಯಲ್ಲಿ ಅದು ಹೇಗೆ ಕೇಳಿಸಿತು ಎಂದು ನಿನಗೂ ಗೊತ್ತಾಗಲಿ. ಕೋಟೆ ಇರುವ ಒಂದು ಊರಿಗೆ ಕೊಟ್ಟ ಹುಡುಗಿ ಸಾಯುತ್ತಾಳೆ. ಮಾಳಿಗೆಯಿಂದ ಬಿದ್ದಳೆಂದು ಗಂಡ ಹೇಳುತ್ತಾನೆ. ಮುತ್ತೈದೆ ಸತ್ತರೆ ತವರಿನವರು ಸೀರೆ ತಂದು, ಮೊದಲ ತಂಬಿಗೆ ನೀರು ಹಾಕದೆ ಹೆಣ ಏಳುವ ಹಾಗಿಲ್ಲ. ತಾಯಿ ಬರುತ್ತಾಳೆ, ನೀರು ಹಾಕುತ್ತಾಳೆ, ಮೈ ತೊಳೆಯುತ್ತಾಳೆ, ಉಗುರುಗಳನ್ನು ತಿಕ್ಕಿ ಅರಿಶಿನ ಹಚ್ಚುತ್ತಾಳೆ. ಹೆಣ ಮುಟ್ಟಬೇಡಿ ಎಂದು ಇನ್ಸ್‌ಪೆಕ್ಟರ್ ಮುತ್ತಪ್ಪನ ಫೋನು ಬರುವುದು ಅದಾದ ಹತ್ತು ನಿಮಿಷಕ್ಕೆ. ಕೈಯಲ್ಲಿದ್ದ ಒಂದು ಪಂಚನಾಮೆ ಬರೆದು ಮುಗಿಸಿ ಫೋನು ಮಾಡಿದರಾಯಿತು ಎಂದು ಅವನು ಕೂತಿದ್ದ. ಒಂಬತ್ತು ದಿನದ ಮೇಲೆ ಸಮಾಧಿ ಅಗೆಸುತ್ತಾನೆ. ಸಾಯುವ ಮುಂಚೆ ಹುಡುಗಿ ಯಾರನ್ನಾದರೂ ಪರಚಿದ್ದರೆ ಉಗುರಿನಡಿ ಅವನ ಚರ್ಮ ಇರಬೇಕು. ಪ್ರಯೋಗಾಲಯದ ವರದಿ ಬರುತ್ತದೆ: ಉಗುರಿನಡಿ ಅರಿಶಿನ, ಬೇರೇನೂ ಇಲ್ಲ. ಗಂಡ ಬಿಡುಗಡೆಯಾಗಿ ಮನೆಗೆ ಹೋಗುತ್ತಾನೆ.

ಅವಳು ಹೇಳಿ ಮುಗಿಸುವವರೆಗೆ ನಾನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೂತಿದ್ದೆ.

ಔಷಧದ ಅಂಗಡಿಯ ಸುಭಾಸ ಮೊದಲು ಮಾತಾಡಿದ. "ಲ್ಯಾಬಿನ ಭಾಗ ಏಕದಮ್ ಬೆಸ್ಟ್ ಐತ್ರಿ. ಬರದಾವ್ಗ ಕೆಲಸ ಗೊತ್ತೈತಿ" ಎಂದ. ಕೇಳಿ ಹೆಮ್ಮೆ ಅನಿಸಿತು, ಸುಳ್ಳೇಕೆ ಹೇಳಲಿ. ಅಷ್ಟರಲ್ಲಿ, "ಆದ್ರ ಆ ತಾಯಿ ನೋಡ್ರಿ! ಇಡೀ ದಿನಾ ಟಿವಿ ನೋಡೋ ಈ ಕಾಲದಾಗ ಅಂಥಾ ಹೆಣಾ ಯಾರರ ತೊಳೀತಾರೇನ್ರಿ? ನಂಬಾಕ ಆಗೂದುಲ್ಲ" ಎಂದ.

ನಿವೃತ್ತ ಹೆಡ್‌ಮಾಸ್ತರ ಅಮೋಘಸಿದ್ದಪ್ಪನವರು ಪುಸ್ತಕಕ್ಕೂ ಮಾರ್ಕು ಹಾಕುವವರು. ಹತ್ತಕ್ಕೆ ಆರು ಕೊಟ್ಟರು. "ನಾಕು ಮಾರ್ಕ ಆ ತಾಯಿ ಸಲುವಾಗಿ ಕಡದೇನಿ. ಕಥಿ ಮುಂದ ಹೋಗಲಿ ಅಂತ ಲೇಖಕ ಆಕಿನ್ನ ದಡ್ಡಿ ಮಾಡ್ಯಾನ. ಹೆತ್ತ ತಾಯಿಗೆ ಒಂದಿಷ್ಟರ ಸಂಶೇ ಬರಬಾರದೇನ್ರಿ?"

ರಂಜನಾ ಮುತ್ತಪ್ಪನ ಪರ. ಹತ್ತು ನಿಮಿಷ ತಡ ಮಾಡಿದೆನಲ್ಲ ಎಂದು ಪ್ರತಿ ಅಧ್ಯಾಯದಲ್ಲೂ ಗಡಿಯಾರ ನೋಡಿಕೊಳ್ಳುತ್ತಾನಲ್ಲ, ಅಲ್ಲಿ ಅವಳಿಗೆ ಅಳು ಬಂತಂತೆ. "ಪಾಪ, ಆ ಮನಶ್ಯಾ ಜೀವಮಾನಾ ಪೂರ್ತಿ ಆ ಹತ್ತು ನಿಮಿಷದಾಗ ಉಳಕೊಂಡ" ಎಂದಳು. ಎಲ್ಲರೂ ಹೌದೌದು ಎಂದರು.

ಸವದತ್ತಿ ಕಡೆಯ ಮಹಾನಂದಾ ಎಂಬ ನರ್ಸು ಮಾತ್ರ ಬೇರೆ ಹೇಳಿದಳು. "ನನಗ ಆಕಿ ದಡ್ಡಿ ಅನಸೂದುಲ್ಲ. ಆಕಿಗೆ ಗೊತ್ತಿತ್ತು ಅನಸ್ತೈತಿ." ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಚಹಾ ಬಂದಿತ್ತು.

ಆಮೇಲೆ ರಂಜನಾ ನನ್ನ ಕಡೆ ತಿರುಗಿದಳು. "ದೇವಕ್ಕಾರ, ನೀವೂ ಒಂದ್ ಮಾತ ಹೇಳ್ರಿ." ನನ್ನ ಬಾಯಿಂದ ಬಂದದ್ದು ಇಷ್ಟೇ: "ಮಗಳ ಉಗರ ಹೊಲಸ ಆಗಿದ್ರ ಯಾವ ತಾಯಿ ಬಿಡ್ತಾಳ್ರಿ?" ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ, ಸುಮ್ಮನೆ ನಕ್ಕರು. ನಾನೂ ನಕ್ಕೆ. ಚಹಾ ಅರ್ಧಕ್ಕೆ ಬಿಟ್ಟು, ಹಾಲು ಕಾಯಿಸುವುದಿದೆ ಎಂದು ಹೇಳಿ ಮನೆಗೆ ಬಂದೆ.

ಶಿವಾನಿಯ ಕೈ ನಿನಗೆ ನೆನಪಿದೆಯೇ, ತಮ್ಮಾ? ದೊಡವಾಡದ ಹಿತ್ತಲಲ್ಲಿ ಮಣ್ಣು ಕೆದರಿ ಕೆದರಿ ಆಡುತ್ತಿದ್ದಳು. "ಕೈ ತೋರಸು" ಅಂದರೆ ಅಂಗೈ ಮಾತ್ರ ತೋರಿಸುವ ಕಳ್ಳಿ. ಬೆರಳು ಮಗುಚಿ ಉಗುರು ನೋಡದೆ ನಾನು ರೊಟ್ಟಿ ಹಾಕುತ್ತಿರಲಿಲ್ಲ. ನೀನು ರಜೆಗೆ ಬಂದಾಗ ಅವಳ ಪರ ವಕೀಲಿ ಮಾಡುತ್ತಿದ್ದೆ. "ಇರ್ಲಿ ಬಿಡ ಅಕ್ಕಾ, ಮಣ್ಣ ತಿಂದ್ರ ಗಟ್ಟಿ ಆಗತಾಳ" ಎನ್ನುತ್ತಿದ್ದೆ. ಗಟ್ಟಿಯೇ ಇದ್ದಳು ನನ್ನ ಮಗಳು. ತೊರಗಲ್ಲಿಗೆ ಕೊಟ್ಟ ಮೇಲೆಯೇ ಮೆತ್ತಗಾದದ್ದು.

ಆ ವರ್ಷದ ದೀಪಾವಳಿಗೆ ಬಂದವಳು ಹನ್ನೊಂದು ದಿನ ಇದ್ದಳು. ಹನ್ನೊಂದನೆಯ ದಿನ ರೊಟ್ಟಿ ಬಡಿಯುತ್ತ, "ಯವ್ವಾ, ನಾ ಹೋಗೂದುಲ್ಲ. ಅಂವ ಕುತಿಗಿಗೆ ಕೈ ಹಾಕ್ತಾನ" ಎಂದಳು. ನಾನು ಏನೆಂದೆನೆಂದು ನಿನಗೆ ಆಗಲೇ ಹೇಳಿದ್ದೇನೆ. "ಹೊಂದಿಕೊಂಡ ಹೋಗವ್ವಾ, ಒಂದ ಕೂಸ ಆದ್ರ ಎಲ್ಲಾ ಸರಿ ಆಗತೈತಿ" ಎಂದು ಉಡಿ ತುಂಬಿ, ನಾನೇ ರಾಮದುರ್ಗದ ಬಸ್ಸಿನಲ್ಲಿ ಕೂರಿಸಿ ಬಂದೆ. ಕಿಟಕಿಯಿಂದ ಕೈ ಬೀಸಲಿಲ್ಲ ಅವಳು. ಮೂರು ತಿಂಗಳಿಗೆ ಸುದ್ದಿ ಬಂತು.

ನಿಮ್ಮ ಭಾವನವರು ನಿನ್ನ ಪುಸ್ತಕ ಓದುವುದಿಲ್ಲ ಎಂದು ಹಟ ಹಿಡಿದಿದ್ದರು. ಮೊನ್ನೆ ಹಾಸಿಗೆ ಝಾಡಿಸುವಾಗ ಅವರ ದಿಂಬಿನ ಕೆಳಗೆ ಸಿಕ್ಕಿತು. ಎಂಬತ್ತೆಂಟನೆಯ ಪುಟದಲ್ಲಿ ಬಸ್ ಟಿಕೇಟು ಇಟ್ಟಿದ್ದಾರೆ. ನೀರು ಕಾಯಿಸುವ ಪುಟ ಅದು. ಟಿಕೇಟಿನ ಮೇಲಿನ ತಾರೀಖು ಎರಡು ತಿಂಗಳ ಹಿಂದಿನದು, ಅಲ್ಲಿಂದ ಮುಂದೆ ಹೋಗಿಲ್ಲ.

ಇನ್ನೊಂದು ಸುದ್ದಿ. ಆಷಾಢದಲ್ಲಿ ಯಲ್ಲಮ್ಮನಿಗೆ ಹೋಗಿ ಬರುವಾಗ ಸವದತ್ತಿ ಬಸ್ ನಿಲ್ದಾಣದಲ್ಲಿ ಅವನನ್ನು ಕಂಡೆ. ಎರಡನೆಯ ಹೆಂಡತಿ, ಹೆಗಲ ಮೇಲೆ ಕೂಸು. ಪೇರಲಹಣ್ಣು ಕೊಳ್ಳುತ್ತಿದ್ದ. ನನ್ನನ್ನು ನೋಡಿ, "ಆರಾಮ ಅದೀರೇನ್ರಿ ಅತ್ತಿ?" ಎಂದ. ನಾನು "ಹೂಂನಪಾ" ಎಂದೆ. ಕೇಳಿದೆಯಾ? ಹೂಂ ಎಂದೆ! ಚಪ್ಪಲಿ ಕೈಗೆ ಬರಲಿಲ್ಲ. ಇಡೀ ದಾರಿ ನನ್ನ ನಾಲಗೆಯನ್ನು ನಾನೇ ಶಪಿಸಿಕೊಂಡು ಬಂದೆ.

ಆದ್ದರಿಂದ ನಿನ್ನ ಪ್ರಶ್ನೆಗೆ ನನ್ನ ಉತ್ತರ ಕೇಳು. ಕೊನೆಯನ್ನು ಬದಲಿಸಬೇಡ. ಅವನು ಪುಸ್ತಕದಲ್ಲಿ ಸಿಕ್ಕಿಬಿದ್ದರೆ ಸುಭಾಸನೂ ಮಾಸ್ತರರೂ ಹತ್ತಕ್ಕೆ ಹತ್ತು ಕೊಟ್ಟು ನೆಮ್ಮದಿಯಿಂದ ಮಲಗುತ್ತಾರೆ. ನಮ್ಮ ಮಗಳಿಗೆ ಸಿಗದ ನ್ಯಾಯವನ್ನು ಅವರಿಗೇಕೆ ಕೊಡುತ್ತೀ? ಸಿಟ್ಟಾಗಿಯೇ ಇರಲಿ ಬಿಡು. ತಾಯಿಯನ್ನೂ ತಿದ್ದಬೇಡ. ದಡ್ಡಿ ಎಂದರೆ ಎನ್ನಲಿ.

ಈ ವರ್ಷವೂ ಪಂಚಮಿಗೆ ನನ್ನನ್ನು ಕರೆಯಲು ನೀನು ಬರಲಿಲ್ಲ. ಉಂಡಿಯ ಡಬ್ಬಿ ಬಂತು, ನಾಗರತ್ನಾಳ ಕೈರುಚಿ ಮೊದಲಿನ ಹಾಗೆಯೇ ಇದೆ. ಆರು ವರ್ಷದಿಂದ ಡಬ್ಬಿ ಬರುತ್ತದೆ, ನೀನು ಬರುವುದಿಲ್ಲ. ನೌಕರಿಯನ್ನೂ ನಿವೃತ್ತಿಗೆ ನಾಲ್ಕು ವರ್ಷ ಮೊದಲೇ ಬಿಟ್ಟೆ. ಏಕೆ ಎಂದು ನಾನು ಕೇಳಿಲ್ಲ, ನೀನು ಹೇಳಿಲ್ಲ. ಈಗ ಮುತ್ತಪ್ಪನನ್ನು ಓದಿದ ಮೇಲೆ ಕೇಳುವುದೇನೂ ಉಳಿಯಲಿಲ್ಲ. ಮುನ್ನೂರು ಪುಟ ಆ ಬಡಪಾಯಿಯನ್ನು ಹೊಡೆದಿದ್ದೀಯಲ್ಲೋ! ಅಪರಾಧಿಗೂ ನಿನ್ನ ಖಾತೆಯಲ್ಲಿ ಇಷ್ಟು ಹೊಡೆತ ಬೀಳುವುದಿಲ್ಲ.

ಒಂದೇ ಒಂದು ಕಡೆ ನೀನು ತಿದ್ದಬೇಕು. ಅದನ್ನು ಕೆಳಗೆ ಬರೆಯುತ್ತೇನೆ. ಮೊದಲು ಸಹಿ ಮಾಡಿಬಿಡುತ್ತೇನೆ, ಆಮೇಲೆ ಕೈ ಬಂದೀತೋ ಇಲ್ಲವೋ.

ಬಿ.ಪಿ. ಗುಳಿಗೆ ತಪ್ಪಿಸಬೇಡ. ನಾಗರತ್ನಾಳ ಮೇಲೆ ರೇಗಬೇಡ. ಅವ್ವ ಅಪ್ಪ ಇಲ್ಲದ ಮೇಲೆ ನಿನಗೆ ಹರಸುವ ಹಿರಿಯಳು ನಾನೊಬ್ಬಳೇ, ನೂರು ವರ್ಷ ಬಾಳು.

ನಿನ್ನ ಅಕ್ಕ,
ದೇವಕ್ಕ

ತಾ.ಕ.: ಆ ದಿನ ನನ್ನ ಜೊತೆ ತೊರಗಲ್ಲಿಗೆ ಬಂದಿದ್ದ ನೆರೆಮನೆಯ ಶೆಟ್ಟೆವ್ವನ ಹತ್ತಿರ ಫೋನು ಇತ್ತು. ನೀನು ಬೆಳಗಾವಿಯಿಂದ ಮಾಡಿದ ಕರೆ ಅದಕ್ಕೇ ಬಂದದ್ದು. "ನಿನ್ನ ಫೋನ ಬರೂದ್ರಾಗ ನೀರ ಹಾಕಿ ಆಗಿತ್ತು, ಹೇಳಾಕ ಧೈರ್ಯ ಸಾಲದ ಹೂಂ ಅಂದ್ನಿ" ಎಂದು ನಾನು ಆಮೇಲೆ ನಿನಗೆ ಹೇಳಿದೆ. ನೀನು ಮುಖ ಬಿಳಿಚಿಕೊಂಡು, "ಎಷ್ಟೊತ್ತಾಗಿತ್ತ ಅಕ್ಕಾ?" ಎಂದು ಕೇಳಿದೆ. "ಹತ್ತ ನಿಮಿಷ" ಎಂದೆ. ಕೈಯಲ್ಲಿದ್ದ ಕಾಗದ ಮುಗಿಸದೆ ಮೊದಲೇ ಮಾಡಬೇಕಿತ್ತು ಎಂದು ನೀನು ಗೋಡೆಗೆ ತಲೆ ಹಚ್ಚಿದೆ. ನಾನು ನೋಡುತ್ತ ನಿಂತಿದ್ದೆ.

ಅದು ಸುಳ್ಳು, ಶ್ರೀಶೈಲ. ಹತ್ತು ನಿಮಿಷದ ಲೆಕ್ಕ ನಾನು ಹುಟ್ಟಿಸಿದ್ದು. ಶೆಟ್ಟೆವ್ವ ಫೋನನ್ನು ನನ್ನ ಕಿವಿಗೆ ಹಿಡಿದಾಗ ಹಂಡೆಯ ಕೆಳಗೆ ಇನ್ನೂ ಒಲೆ ಹೊತ್ತಿರಲಿಲ್ಲ. ನೀನು ಹೇಳಿದ್ದು ಒಂದಕ್ಷರ ಬಿಡದೆ ಕೇಳಿಸಿತು. "ಅಕ್ಕಾ, ನೀ ನೀರ ಹಾಕಬ್ಯಾಡ. ನೀ ಹಾಕದ ಅವರು ಎತ್ತಂಗಿಲ್ಲ. ನಾ ಬರೂತನಕಾ ಆಕಿ ಕೈ ಮುಟ್ಟಬ್ಯಾಡ." ನಾನು ಹೂಂ ಎಂದೆ. ಶೆಟ್ಟೆವ್ವನಿಗೆ ಕಿವಿ ಮಂದ, ನೀನು ಏನೆಂದೆ ಎಂದು ಅವಳಿಗೆ ತಿಳಿಯಲಿಲ್ಲ. ಹೋದ ವರ್ಷ ಅವಳೂ ತೀರಿಕೊಂಡಳು.

ಆಮೇಲೆ ಬೀಗತಿ ಬಂದು, "ಹೊತ್ತ ಮುಣಗತೈತ್ರಿ, ನೀರ ಹಾಕ್ರಿ" ಎಂದಳು. ನಾನು ಶಿವಾನಿಯ ಬಲಗೈ ಎತ್ತಿ ಬೆರಳು ಮಗುಚಿದೆ. ಉಗುರಿನಡಿ ಇದ್ದದ್ದು ಮಣ್ಣಲ್ಲ. ಅವಳ ಉಗುರಿನ ಮಣ್ಣು ನನಗೆ ಗೊತ್ತಿಲ್ಲವೇ? ಆದರೆ ಮಣ್ಣಾದರೆ ಅವಳು ಬಿದ್ದು ಸತ್ತಳು. ಮಣ್ಣಲ್ಲದಿದ್ದರೆ, ಕುತ್ತಿಗೆಗೆ ಕೈ ಹಾಕುತ್ತಾನೆ ಎಂದು ಹೇಳಿದ ಮಗಳನ್ನು ಅವನ ಕೈಗೆ ಕೊಟ್ಟು ಬಂದವಳು ನಾನು. ಅದು ಮಣ್ಣಾಗಿರಲಿ ಎಂದು ತೊಳೆದೆ, ತಮ್ಮಾ. ಮೂರು ಸಲ ತಿಕ್ಕಿ, ಅರಿಶಿನ ಹಚ್ಚಿದೆ.

ಆ ನರ್ಸು ಹೇಳಿದ್ದೇ ಖರೆ.

ಎರಡನೆಯ ಮುದ್ರಣದಲ್ಲಿ ಎಂಬತ್ತೆಂಟನೆಯ ಪುಟ ತಿದ್ದು. ಮುತ್ತಪ್ಪನ ಫೋನು ನೀರು ಕಾಯುವ ಮೊದಲೇ ಬರಲಿ, ತಾಯಿ ಹೂಂ ಎನ್ನಲಿ. ಓದಿದವರು ಅವಳನ್ನು ಏನು ಬೇಕಾದರೂ ಅನ್ನಲಿ. ನೀನೂ ಅನ್ನು. ಮುಂದಿನ ಪಂಚಮಿಗೆ ಡಬ್ಬಿಯೂ ಬರದಿದ್ದರೆ ನಾನು ಏಕೆ ಎಂದು ಕೇಳುವುದಿಲ್ಲ. ಆದರೆ ಆ ಗಡಿಯಾರ ನೋಡುವುದನ್ನು ಇವತ್ತಿಗೆ ಬಿಡು. ನೀನು ಹೊತ್ತಿಗೆ ಸರಿಯಾಗಿಯೇ ಫೋನು ಮಾಡಿದ್ದೆ.