ದಡಕ್ಕೆ ಬಂದ ಪಂಪು

ಅಕ್ಕನ ಮನೆ, ಮೂರನೇ ಮಹಡಿ
ಹದಿನೇಳನೇ ತಾರೀಕು, ಗುರುವಾರ, ಊಟವಾದ ಮೇಲೆ

ರೀ, ದೋಣಿಯ ಯಜಮಾನರೇ,

ಹೇಗಿದ್ದೀರಿ? ಇದನ್ನು ಸಿಟ್ಟಿನಲ್ಲಿ ಕೇಳುತ್ತಿಲ್ಲ, ನಿಜವಾಗಿಯೇ ಕೇಳುತ್ತಿದ್ದೇನೆ. ಸೊಂಟದ ನೋವು ಹೇಗಿದೆ? ಎಣ್ಣೆ ಸೀಸೆ ಒಲೆಯ ಹಿಂದಿನ ಗೂಡಿನಲ್ಲಿದೆ. ಕಣ್ಣೆದುರಿಗೇ ಇದ್ದರೂ ನಿಮಗೆ ಕಾಣಿಸುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣಿ. ನಾನಿಲ್ಲದ ಸಡಗರದಲ್ಲಿ ಮೂರು ಹೊತ್ತೂ ಚಹಾದಲ್ಲಿ ಬ್ರೆಡ್ಡು ಅದ್ದಿಕೊಂಡು ಕಾಲ ಹಾಕಬೇಡಿ. ನಾನು ಚೆನ್ನಾಗಿದ್ದೇನೆ. ಅಕ್ಕನೂ ಚೆನ್ನಾಗಿದ್ದಾಳೆ, ಹೊಲಿಗೆ ಯಂತ್ರದ ಮುಂದೆ ಕೂತರೆ ಅವಳಿಗೆ ಹಸಿವೂ ಇಲ್ಲ, ಮನೆಗೆ ಬಂದ ತಂಗಿಯೂ ಇಲ್ಲ. ಈ ಪತ್ರವನ್ನು ಸರಕು ಇಳಿಸುವ ಕಟ್ಟೆಯ ಗುಮಾಸ್ತರ ವಿಳಾಸಕ್ಕೆ ಹಾಕುತ್ತಿದ್ದೇನೆ. ಸೋಮವಾರ ನೀವು ಅಲ್ಲಿಗೆ ಬಂದೇ ಬರುತ್ತೀರಿ.

ನಾನು ದೋಣಿ ಇಳಿದು ಹನ್ನೆರಡು ದಿನವಾಯಿತು. ಇಪ್ಪತ್ತಾರು ವರ್ಷ ಅಲುಗಾಡುವ ನೆಲದ ಮೇಲೆ ಸಂಸಾರ ಮಾಡಿದವಳಿಗೆ ಈ ನಿಂತ ನೆಲ ಇನ್ನೂ ಒಗ್ಗಿಲ್ಲ. ಬೆಳಗ್ಗೆ ಕಣ್ಣು ಬಿಟ್ಟರೆ ಎದುರು ಗೋಡೆ ಮೆಲ್ಲನೆ ಎಡಕ್ಕೆ ಹೋಗಿ ಮೆಲ್ಲನೆ ಬಲಕ್ಕೆ ಬರುತ್ತದೆ. ಸ್ವಲ್ಪ ಹೊತ್ತು ಹಾಗೇ ಬಿಡುತ್ತೇನೆ, ಚೆನ್ನಾಗಿರುತ್ತದೆ. ಅಕ್ಕ ಯಾರದೋ ಮನೆಗೆ ನೀಲಿ ಪರದೆಗಳನ್ನು ಹೊಲಿಯುತ್ತಿದ್ದಾಳೆ, ಹೊಲಿದಷ್ಟನ್ನೂ ಕಿಟಕಿಗೇ ನೇತುಹಾಕುತ್ತಾಳೆ. ಮಧ್ಯಾಹ್ನ ಬಿಸಿಲು ಅದರ ಮೂಲಕ ಬಂದಾಗ ಮಂಚ, ಕುರ್ಚಿ, ಅಕ್ಕನ ನರೆತ ತಲೆ ಎಲ್ಲವೂ ನೀಲಿಯಾಗುತ್ತವೆ. ನದಿಯ ತಳದಲ್ಲಿ ಯಾರೋ ಮನೆ ಮಾಡಿಕೊಂಡು ಬಟ್ಟೆ ಹೊಲಿಯುತ್ತಿದ್ದಾರೆ ಅನ್ನಿಸಿ ಕೆಲಸ ಬಿಟ್ಟು ನೋಡುತ್ತಾ ಕೂರುತ್ತೇನೆ. ಇಲ್ಲಿ ನಲ್ಲಿ ತಿರುಗಿಸಿದರೆ ಸಾಕು, ನೀರು ತಾನಾಗಿಯೇ ಬೀಳುತ್ತದೆ. ಎತ್ತಬೇಕಾಗಿಲ್ಲ, ಹೊರಹಾಕಬೇಕಾಗಿಲ್ಲ. ಇಷ್ಟು ಸುಲಭದ ನೀರನ್ನು ನಾನು ಯಾವತ್ತೂ ನೋಡಿಲ್ಲ.

ಈಗ ನಮ್ಮ ಜಗಳಕ್ಕೆ ಬರುತ್ತೇನೆ. ನಿಮ್ಮ ವಾದ ನನಗೆ ಬಾಯಿಪಾಠವಾಗಿದೆ. ಕಾಗದಪತ್ರಕ್ಕೆಂದು ನೀವು ದಡಕ್ಕೆ ಹೋಗಿದ್ದಿರಿ, ದೋಣಿಯಲ್ಲಿ ನಾನು ಕಾವಲಿದ್ದೆ. ತಳದಲ್ಲಿ ನೀರು ಸೇರಿತು, ಪಂಪು ತಾನಾಗಿಯೇ ಶುರುವಾಯಿತು, ಬ್ಯಾಟರಿ ಬರಿದಾಗುವವರೆಗೂ ಓಡಿತು, ಆಮೇಲೆ ನಿಂತಿತು. ಹನ್ನೊಂದು ಮೂಟೆ ಹಿಟ್ಟು ನೆನೆದು ಗಟ್ಟಿಯಾಯಿತು. ಪಂಪಿನ ಸದ್ದು ನಿಲ್ಲದಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ, ಆ ಸದ್ದಿಗೆ ಕಿವಿಗೊಡುವುದೇ ಕಾವಲಿನವರ ಕೆಲಸ, ಇದನ್ನು ನನಗೆ ಹೇಳಿಕೊಡಬೇಕಾಗಿಲ್ಲ. "ಎರಡು ಗಂಟೆ ಬಡ್ಕೊಂಡಿದೆ ಅದು, ನಿನ್ನ ತಲೆ ಎಲ್ಲಿತ್ತು?" ಅಂದಿರಿ. "ಓಡಿದ್ರೆ ತಾನೇ ಕೇಳ್ಸೋದು, ನಿಮ್ಮ ಪಂಪು ಸತ್ತಿದೆ" ಅಂದೆ. "ನೀನು ಮಲಗಿದ್ದೆ" ಅಂದಿರಿ. ನಾನು ಎಚ್ಚರವಾಗಿದ್ದೆ, ಅಲ್ಲೇ ಟಾರ್ಪಾಲು ಹೊಲಿಯುತ್ತಾ ಕೂತಿದ್ದೆ. ಮಲಗಿದ್ದೆ ಅಂದದ್ದನ್ನು ನನಗೆ ಸಹಿಸಲಾಗಲಿಲ್ಲ. ಆ ಪಂಪನ್ನೇ ಬಿಚ್ಚಿ ಚೀಲಕ್ಕೆ ಹಾಕಿಕೊಂಡು, ಅದು ಸತ್ತಿದೆಯೆಂದು ತೋರಿಸದೆ ದೋಣಿ ಹತ್ತುವುದಿಲ್ಲ ಎಂದು ಇಳಿದುಬಂದೆ. ದೋಣಿಯಲ್ಲಿ ಹಳೆಯ ಕೈಪಂಪು ಇದೆಯೆಂದು ಗೊತ್ತಿದ್ದೇ ಇಳಿದೆ, ನಿಮ್ಮನ್ನು ಮುಳುಗಿಸುವಷ್ಟು ಸಿಟ್ಟಿರಲಿಲ್ಲ.

ಬಂದ ಮೂರನೇ ದಿನವೇ ಪರೀಕ್ಷೆಗೆ ಇಳಿದೆ. ಬಟ್ಟೆ ನೆನೆಸುವ ದೊಡ್ಡ ಟಬ್ಬನ್ನು ಬಾಲ್ಕನಿಗೆ ಎಳೆದು, ನೀರು ತುಂಬಿಸಿ ಪಂಪನ್ನು ಮುಳುಗಿಸಿದೆ, ಕೊಳವೆಯ ತುದಿಯನ್ನು ಪಕ್ಕದ ಸ್ಟೂಲಿನ ಮೇಲಿಟ್ಟ ಬಕೆಟ್ಟಿಗೆ ಬಿಟ್ಟೆ. ಗೋಡೆಯಲ್ಲಿ ಪ್ಲಗ್ಗಿನ ತೂತು ಇದ್ದೇ ಇತ್ತು. ನಾವು ಬ್ಯಾಟರಿಯ ಜನ. ತಂತಿಯ ತುದಿ ತಾಗಿಸಿ ಕಿಡಿ ಹಾರಿದರೆ ಕರೆಂಟು ಇದೆ, ಇಲ್ಲದಿದ್ದರೆ ಇಲ್ಲ, ಇಷ್ಟೇ ನಮ್ಮ ವಿದ್ಯೆ. ಅದೇ ಧೈರ್ಯದಲ್ಲಿ ಪಂಪಿನ ಕೆಂಪು ತಂತಿ ಕಪ್ಪು ತಂತಿ ಎರಡರ ತುದಿಯನ್ನೂ ಬೇರೆಬೇರೆ ಹೊಸೆದು, ಬೆಂಕಿಕಡ್ಡಿ ಜೊತೆಯಲ್ಲಿ ತೂತಿಗೆ ತುರುಕಲು ಹೊರಟೆ. ಅಕ್ಕ ಅಡುಗೆಮನೆಯಿಂದಲೇ ಕೂಗಿದಳಂತೆ, ನಾನು ನನ್ನ ಹಟದಲ್ಲಿದ್ದೆ. ಕೊನೆಗೆ ಓಡಿಬಂದು ಜಡೆ ಹಿಡಿದು ಎಳೆದಳು. "ಅದು ನಿನ್ನ ಬ್ಯಾಟರಿ ಅಲ್ಲ ಕಣೇ, ಮಾರಾಯ್ತಿ, ಇನ್ನೂರ ಮೂವತ್ತು ವೋಲ್ಟು! ನಿನ್ನ ಗಂಡನಿಗೆ ನಾನು ಏನಂತ ಕಾಗದ ಬರೀಲಿ?" ಅಂದಳು.

ಕೆಳಗಿನ ಮಹಡಿಯಲ್ಲಿ ಒಬ್ಬರು ರೇಡಿಯೋ ರಿಪೇರಿಯವರಿದ್ದಾರೆ, ಅಕ್ಕ ಅವರಿಗೆ ತಂತಿ ತಾತ ಎಂದು ಹೆಸರಿಟ್ಟಿದ್ದಾಳೆ. ಬಾಯಲ್ಲಿ ಸದಾ ಎರಡು ಸ್ಕ್ರೂ ಕಚ್ಚಿಕೊಂಡೇ ಮಾತಾಡುತ್ತಾರೆ, ಒಂದಕ್ಷರವೂ ತಿಳಿಯುವುದಿಲ್ಲ, ಬರೆದು ಕೊಡಿ ಅಂದೆ. ಪಂಪಿಗೆ ಬೇಕಾದದ್ದು ಹನ್ನೆರಡೇ ವೋಲ್ಟು ಎಂದು ಬರೆದರು. ಅಕ್ಕನ ಹಳೆಯ ಕರೆಗಂಟೆಯ ಟ್ರಾನ್ಸ್‌ಫಾರ್ಮರಿನ ಮೇಲೂ ಹನ್ನೆರಡೆಂದೇ ಇತ್ತು, ಜಾಣೆಯಂತೆ ಅದನ್ನೇ ಕೊಟ್ಟೆ. ಪಂಪು ಕೈಯಲ್ಲಿ ನಡುಗಿತು, ತಿರುಗಲಿಲ್ಲ. ಅದರ ಕರೆಂಟು ಒಂದೇ ಸಮನೆ ಹಿಂದೆ ಮುಂದೆ ಓಲಾಡುತ್ತದೆ, ಪಂಪಿಗೆ ಬ್ಯಾಟರಿಯ ಹಾಗೆ ಒಂದೇ ಕಡೆ ಹರಿಯುವುದು ಬೇಕು ಎಂದು ಬರೆದರು. ಹಾಗಾದರೆ ಇಂಟರ್‌ನೆಟ್ಟಿನ ಪೆಟ್ಟಿಗೆಯ ಕಪ್ಪು ಅಡಾಪ್ಟರು ಇದೆಯಲ್ಲ ಅಂದೆ. ಅದನ್ನು ಕೊಟ್ಟಾಗ ಬಕೆಟ್ಟಿಗೆ ಒಂದು ಗುಟುಕು ನೀರು ಬಂತು, ನಿಂತಿತು, ಮತ್ತೊಂದು ಗುಟುಕು, ಮತ್ತೆ ನಿಂತಿತು. ಅದು ಕೊಡುವುದು ಒಂದು ಆಂಪಿಯರು, ನಮ್ಮ ಪಂಪು ಕೇಳುವುದು ಐದು, ಉಸಿರು ಸಾಲುತ್ತಿಲ್ಲ ಎಂದು ಬರೆದರು. ಅವರು ಬರೆದದ್ದನ್ನು ಲೆಕ್ಕಕ್ಕಿಡದೆ, ಸತ್ತಿದೆ ನೋಡಿ ಎಂದು ನಾನು ಒಳಗೊಳಗೇ ಕುಣಿದೆ. ಆ ಎರಡು ದಿನ ನಾನು ಗೆದ್ದಂತೆಯೇ ಓಡಾಡಿದೆ, ಅಕ್ಕನ ಪರದೆಗೆ ಅಂಚು ಕೂಡ ಹೊಲಿದುಕೊಟ್ಟೆ.

ಮಂಗಳವಾರ ಬೆಳಗ್ಗೆ ತಾತ ಅಂಗಡಿಯ ದೀಪದ ಪಟ್ಟಿಗಳಿಗೆ ಹಾಕುವ ತಗಡಿನ ಪೆಟ್ಟಿಗೆಯೊಂದನ್ನು ತಂದರು. ಒಳಕ್ಕೆ ಮನೆಯ ಕರೆಂಟು, ಹೊರಕ್ಕೆ ಹನ್ನೆರಡು ವೋಲ್ಟು, ಹತ್ತು ಆಂಪಿಯರು. ಟಬ್ಬಿನ ನೀರು ಸಿಡಿಯಬಾರದೆಂದು ಅದನ್ನು ಒಳಕೋಣೆಯ ಕಪಾಟಿನ ಮೇಲಿಟ್ಟರು, ಕೆಂಪು ತಂತಿಗೆ ಫ್ಯೂಸು ಹಾಕಿದರು, ಎರಡೆರಡು ಸಲ ನೋಡಿ ಸ್ವಿಚ್ಚು ಒತ್ತಿದರು. ರೀ, ನಾನೇನು ಹೇಳಲಿ, ಕೊಳವೆಯಿಂದ ನೀರು ತೋಳಿನ ದಪ್ಪ ಬಂತು. ಟಬ್ಬಿನಲ್ಲಿದ್ದ ಆಕಾಶ ಬಕೆಟ್ಟಿಗೆ ಹೋಯಿತು, ಬಕೆಟ್ಟು ತುಂಬಿ ಅಂಚಿನಿಂದ ಮತ್ತೆ ಟಬ್ಬಿಗೇ ಇಳಿಯಿತು. ಪಾರಿವಾಳಗಳು ಬಾಲ್ಕನಿಯ ಕಂಬಿ ಬಿಟ್ಟು ಎದ್ದವು. ಅಕ್ಕನ ಹೊಲಿಗೆ ಯಂತ್ರ ನಿಂತಿತು, ಅವಳು ಬಾಗಿಲಲ್ಲಿ ನಿಂತು ಎರಡೂ ಕಿವಿ ಮುಚ್ಚಿಕೊಂಡು ನಗುತ್ತಿದ್ದಳು. ನಾನು ಮಾತ್ರ ಮೊಣಕೈವರೆಗೆ ನೀರಿಗೆ ಕೈ ಬಿಟ್ಟು ಪಂಪಿನ ಬೆನ್ನು ಹಿಡಿದುಕೊಂಡಿದ್ದೆ. ಅದು ನನ್ನ ಅಂಗೈಯಲ್ಲಿ ಓಡುತ್ತಿತ್ತು. ನೀಲಿ ಬೆಳಕು, ತಿರುಗುವ ನೀರು, ಯಾವುದಕ್ಕೂ ಅವಸರವಿಲ್ಲ. ಅಷ್ಟು ಚೆಂದದ ಗಳಿಗೆಯನ್ನು ನಾನು ಈಚೆಗೆ ಕಂಡಿಲ್ಲ. ತಾತ ಬಂದು ಭುಜ ತಟ್ಟುವವರೆಗೂ ಹಾಗೇ ಕೂತಿದ್ದೆ.

ಆದ್ದರಿಂದ ಗೆದ್ದವರು ನೀವು. ಪಂಪು ಸತ್ತಿಲ್ಲ, ಗಟ್ಟಿಯಾಗಿದೆ. ನಾನು ಮಲಗಿದ್ದೆ, ತಪ್ಪು ನನ್ನದೇ. ಬಿಸಿಲಿಗೆ ಕಣ್ಣು ಹತ್ತಿರಬೇಕು. ಬೇಕಾದರೆ ದೋಣಿಯ ಹೊರಗೆ ದೊಡ್ಡಕ್ಷರದಲ್ಲಿ ಬರೆಸಿಕೊಳ್ಳಿ. ಪಂಪನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ. ನೀವು ಬಂದು ಅದನ್ನು ತೆಗೆದುಕೊಂಡು ಹೋಗಬಹುದು. ನನ್ನನ್ನೂ ಕರೆದುಕೊಂಡು ಹೋಗುತ್ತೀರೋ ಇಲ್ಲವೋ, ಅದು ನಿಮಗೆ ಬಿಟ್ಟದ್ದು.

ಅಕ್ಕ ನಿಮ್ಮನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ಗುಮಾಸ್ತರ ಮನೆಯವರಿಗೆ ನನ್ನ ನೆನಪು ತಿಳಿಸಿ. ನದಿ ನಿಮ್ಮನ್ನು ನೆಟ್ಟಗೆ ಇಟ್ಟಿರಲಿ.

ಸಿಟ್ಟು ಇಳಿದ,
ನಿಮ್ಮವಳು

ಮರೆತ ಮಾತು: ಗೋಂದು ಹಚ್ಚಿದ ಲಕೋಟೆಯನ್ನು ಬಿಚ್ಚಿ ಬರೆಯುತ್ತಿದ್ದೇನೆ, ಅಂಚೆಯವನು ಬೀದಿಯ ತಿರುವಿಗೆ ಬಂದಾಯಿತು, ಅಕ್ಷರ ಕೆಟ್ಟಿದ್ದರೆ ಓದಿಕೊಳ್ಳಿ. ನಾನು ಮಲಗಿರಲಿಲ್ಲ. ಮಂಗಳವಾರ ಪಂಪು ಓಡಿದ್ದು ನನಗೆ ಕೇಳಿಸಲೇ ಇಲ್ಲ. ಮನೆಯೆಲ್ಲ ಅದುರುತ್ತಿತ್ತಂತೆ, ನನಗೆ ಅಂಗೈಯಲ್ಲಿ ಮಾತ್ರ ಗೊತ್ತಾಯಿತು. ನಿನ್ನೆ ಅಕ್ಕ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಳು. ಗಾಜಿನ ಕೋಣೆಯಲ್ಲಿ ಕೂರಿಸಿ, ಸದ್ದು ಬಂದಾಗಲೆಲ್ಲ ಗುಂಡಿ ಒತ್ತಿ ಅಂದರು. ಇನ್ನೂ ಶುರು ಮಾಡಿಲ್ಲವೆಂದು ನಾನು ಕಾಯುತ್ತಾ ಕೂತಿದ್ದೆ, ಅಷ್ಟರಲ್ಲಿ ಮುಗಿದೇಹೋಗಿತ್ತು. ಹೋದದ್ದು ಹಿಂದಿರುಗುವುದಿಲ್ಲವಂತೆ. ನದಿಯಲ್ಲಿ ಹಕ್ಕಿಗಳು ಕಡಿಮೆಯಾಗಿವೆ ಎಂದು ಎರಡು ವರ್ಷದಿಂದ ನಿಮ್ಮ ತಲೆ ತಿನ್ನುತ್ತಿದ್ದೆನಲ್ಲ, ಹಕ್ಕಿಗಳು ಎಲ್ಲೂ ಹೋಗಿಲ್ಲ. ಸೋಮಾರಿ ಅನ್ನಿಸಿಕೊಂಡರೂ ಸರಿ, ಇದನ್ನು ಹೇಳಿದರೆ ನೀವು ನನ್ನನ್ನು ದಡದಲ್ಲೇ ಬಿಡುತ್ತೀರೇನೋ ಎಂದು ಹೆದರಿ ಮೇಲೆ ಸುಳ್ಳು ಬರೆದೆ. ಪಂಪಿಗೆ ಸೇರಿಸಿ ಒಂದು ಕೆಂಪು ದೀಪ ಹಾಕಿಕೊಡುತ್ತೇನೆ, ಅದು ಓಡಿದಾಗಲೆಲ್ಲ ಹೊತ್ತಿಕೊಳ್ಳುತ್ತದೆ ಎಂದು ತಾತ ಬರೆದುಕೊಟ್ಟಿದ್ದಾರೆ. ಅದನ್ನು ನೋಡಿಕೊಂಡು ನಾನು ಕಾವಲು ಕೂರಬಲ್ಲೆ. ನೀವು ಕರೆದದ್ದು ತಿಳಿಯುವುದಕ್ಕೆ ಮಾತ್ರ ಅವರ ಹತ್ತಿರ ಯಾವ ದೀಪವೂ ಇಲ್ಲ. ಅದಕ್ಕೇ, ಬಂದಾಗ ಕೆಳಗಿನಿಂದ ಕೂಗಿ, ನಾನು ಓಗೊಡದಿದ್ದರೆ ಇವಳಿಗೆ ಇನ್ನೂ ಸಿಟ್ಟು ಎಂದು ಹಿಂದಿರುಗಿಬಿಡಬೇಡಿ. ಮೂರು ಮಹಡಿ ಹತ್ತಿ ಬಂದು ನನ್ನ ಭುಜ ಮುಟ್ಟಿ.